ಬೀಗ ತೆರೆದ ಮನೆ

ಜಪಾನಿನ ಹೊನ್‌ಶು ಮತ್ತು ಶಿಕೋಕು ಎಂಬ ಎರಡು ದ್ವೀಪಗಳ ನಡುವೆ ಒಂದು ಒಳಗಡಲಿದೆ. ಅದಕ್ಕೆ ಸೇತೊ ಎಂದು ಹೆಸರು. ಹೊರಗಡಲಿನ ಅಬ್ಬರ ಅದಕ್ಕಿಲ್ಲ. ನೂರಾರು ಕಿರುದ್ವೀಪಗಳನ್ನು ಮಡಿಲಲ್ಲಿಟ್ಟುಕೊಂಡು ಅದು ಶಾಂತವಾಗಿ ಮಲಗಿದೆ. ಅದರ ಉತ್ತರದ ದಂಡೆಯಲ್ಲಿ, ಹಿರೋಶಿಮಾ ಪ್ರಾಂತದಲ್ಲಿ, ಒನೊಮಿಚಿ ಎಂಬ ರೇವುಪಟ್ಟಣವಿದೆ. ಪಟ್ಟಣದ ಮುಂದೆ ಕಡಲು ಎಷ್ಟು ಕಿರಿದಾಗಿದೆಯೆಂದರೆ ಹೊಸಬರು ಅದನ್ನು ನದಿಯೆಂದೇ ಭಾವಿಸುವುದುಂಟು. ಎದುರಿನ ಮುಕಾಯಿಶಿಮಾ ದ್ವೀಪಕ್ಕೆ ದೋಣಿಯಲ್ಲಿ ಐದು ನಿಮಿಷದ ದಾರಿ. ಹಿಂದಕ್ಕೆ ತಿರುಗಿ ನೋಡಿದರೆ ಒಮ್ಮೆಲೇ ಗುಡ್ಡ. ಕಡಲಿಗೂ ಗುಡ್ಡಕ್ಕೂ ನಡುವೆ ಉಳಿದಿರುವ ಸಮತಟ್ಟಾದ ನೆಲ ಸೀರೆಯ ಅಂಚಿನಷ್ಟು ಕಿರಿದು.

1169ರಲ್ಲಿ, ಒಳನಾಡಿನ ಒಂದು ಜಹಗೀರಿನ ಅಕ್ಕಿಯನ್ನು ಹಡಗಿಗೇರಿಸುವ ಸಲುವಾಗಿ ಈ ಊರನ್ನು ರೇವೆಂದು ಗೊತ್ತುಮಾಡಿದರು. ಅಂದಿನಿಂದ ಅದಕ್ಕೆ ವರ್ತಕರ ಐಶ್ವರ್ಯ ಬಂದಿತು. ವರ್ತಕರು ಗುಡ್ಡದ ಮೇಲೆ ದೇವಾಲಯಗಳನ್ನು ಕಟ್ಟಿಸಿದರು. ತಾವು ಮಾತ್ರ ಕೆಳಗೆ, ಕಡಲ ಬದಿಯಲ್ಲಿಯೇ ವಾಸವಾಗಿದ್ದರು. ಗುಡ್ಡವು ಬುದ್ಧನಿಗೆ, ಬಯಲು ಮನುಷ್ಯನಿಗೆ ಎಂಬಂತೆ ಬಹುಕಾಲ ನಡೆಯಿತು. 1891ರಲ್ಲಿ ರೈಲುದಾರಿ ಬಂದು ಆ ಕಿರಿದಾದ ಬಯಲನ್ನು ಉದ್ದಕ್ಕೂ ಸೀಳಿತು. ಮನೆ ಕಳೆದುಕೊಂಡವರು ಗುಡ್ಡವನ್ನೇರಿದರು. ಅವರ ಹಿಂದೆ ಸಿರಿವಂತರೂ ಏರಿದರು. ಕಡಲು ಕಾಣುವ ಎಡೆಯಲ್ಲಿ ವಿಹಾರದ ಮನೆಗಳನ್ನು ಕಟ್ಟಿಸಿಕೊಂಡರು. ಹೀಗೆ ಎರಡು ಮೂರು ತಲೆಮಾರುಗಳಲ್ಲಿ ದೇವಾಲಯಗಳ ಸುತ್ತ, ಗೋರಿಗಳ ಪಕ್ಕ, ಬಂಡೆಗಳ ಮರೆಯಲ್ಲಿ, ಒಂದರ ಸೂರು ಇನ್ನೊಂದರ ಅಂಗಳಕ್ಕೆ ಸಮವಾಗುವಂತೆ, ಮರದ ಮನೆಗಳು ಒತ್ತಾಗಿ ಎದ್ದು ನಿಂತವು. ಅವುಗಳ ನಡುವೆ ಇದ್ದುದು ಕಲ್ಲಿನ ಮೆಟ್ಟಿಲುಗಳ ಓಣಿಗಳು ಮಾತ್ರ. ಗಾಡಿ ಹೋಗುವ ದಾರಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ನೂರಾರು ಊರುಗಳು ಬಾಂಬಿನ ಬೆಂಕಿಗೆ ಸಿಕ್ಕಿದಾಗ ಈ ಊರು ಬಹುಮಟ್ಟಿಗೆ ಉಳಿದುಕೊಂಡಿತು. ಆದುದರಿಂದಲೇ ಆ ಮನೆಗಳನ್ನು ಇಂದೂ ಕಾಣಬಹುದು.

ಈ ಮನೆಯನ್ನು ಸ್ವಲ್ಪ ನಿಂತು ನೋಡಬೇಕು. ಅದು ಮರ, ಮಣ್ಣು, ಬಿದಿರು, ಹುಲ್ಲು, ಕಾಗದ ಇವುಗಳಿಂದ ಆದದ್ದು. ಕಂಬಗಳನ್ನು ನೆಲದಲ್ಲಿ ಹೂಳಿಲ್ಲ. ಅವು ಬಿಡಿಯಾದ ಕಲ್ಲುಗಳ ಮೇಲೆ ನಿಂತಿವೆ. ಕಂಬಕ್ಕೂ ತೊಲೆಗೂ ಇರುವ ಬಂಧ ಮೊಳೆಯದಲ್ಲ. ಒಂದರೊಳಗೆ ಒಂದು ಹೊಕ್ಕು ಹಿಡಿದ ಕಚ್ಚಿನದು. ಗೋಡೆಯೆಂದರೆ ಬಿದಿರಿನ ಸೀಳುಗಳ ಹೆಣಿಗೆ. ಅದರ ಎರಡು ಮಗ್ಗುಲಿಗೂ ಹುಲ್ಲು ಬೆರೆಸಿ ಕಲಸಿದ ಮಣ್ಣನ್ನು ಮೆತ್ತಿರುತ್ತಾರೆ. ಒಳಗಡಲಿನ ಸೀಮೆಯಲ್ಲಿ ಹೊರಗೋಡೆಗೆ ಇನ್ನೊಂದು ಕವಚವುಂಟು. ಸುಗಿ ಎಂಬ ಮರದ ಹಲಗೆಗಳ ಮೇಲ್ಮೈಯನ್ನು ಬೆಂಕಿಯಲ್ಲಿ ಕರಿಯಾಗುವಂತೆ ಸುಟ್ಟು ಹೊದಿಸುತ್ತಾರೆ. ಹಾಗೆ ಸುಟ್ಟ ಹಲಗೆ ಉಪ್ಪುಗಾಳಿಗೂ ಮಳೆಗೂ ಬೇಗ ಜಗ್ಗುವುದಿಲ್ಲ. ಛಾವಣಿಗೆ ಬೂದುಬಣ್ಣದ ಭಾರವಾದ ಹೆಂಚು. ಕೋಣೆಗಳನ್ನು ಬೇರ್ಪಡಿಸುವುದಕ್ಕೆ ಗೋಡೆಗಳಿಗಿಂತ ಹೆಚ್ಚಾಗಿ ಸರಿಯುವ ಕಾಗದದ ಬಾಗಿಲುಗಳುಂಟು. ಬೆಳಕನ್ನು ಸೋಸಿ ಒಳಗೆ ಬಿಡುವ ತೆಳುಗಾಗದದ ಬಾಗಿಲು ಶೋಜಿ, ದಪ್ಪನೆಯದು ಫುಸುಮಾ. ನೆಲದ ಮೇಲೆ ಹಾಸುವುದು ತತಾಮಿ. ಹುಲ್ಲನ್ನು ಒತ್ತಿ ಮಾಡಿದ ದಪ್ಪ ಹಾಸಿಗೆ ಆಪು ಜಾತಿಯ ಹಸಿರು ಹುಲ್ಲಿನ ಹೆಣಿಗೆಯನ್ನು ಹೊದಿಸಿದ ಚಾಪೆ ಅದು. ಒಂದೊಂದೂ ಸುಮಾರು 1.8 ಮೀಟರು ಉದ್ದ, 0.9 ಮೀಟರು ಅಗಲ. ಕೋಣೆ ಎಷ್ಟು ದೊಡ್ಡದು ಎಂದು ಕೇಳಿದರೆ ಜಪಾನೀಯರು ಅಡಿ ಗಜಗಳನ್ನು ಹೇಳುವುದಿಲ್ಲ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ ಎನ್ನುತ್ತಾರೆ. ಮನೆಯ ದಕ್ಷಿಣದ ಅಂಚಿನಲ್ಲಿ, ಸೂರಿನ ಕೆಳಗೆ, ಹಲಗೆ ಹಾಸಿದ ಒಂದು ನೀಳವಾದ ಪಡಸಾಲೆ ಇರುತ್ತದೆ. ಅದು ಎಂಗಾವಾ. ಕನ್ನಡ ನಾಡಿನ ಜಗಲಿಯನ್ನು ಬಲ್ಲವರಿಗೆ ಅದನ್ನು ವಿವರಿಸಿ ಹೇಳಬೇಕಾದುದಿಲ್ಲ. ಅಲ್ಲಿ ಕುಳಿತವನು ಪೂರ್ತಿ ಒಳಗೂ ಇಲ್ಲ, ಪೂರ್ತಿ ಹೊರಗೂ ಇಲ್ಲ.

ಇಂತಹ ಮನೆ ಗಾಳಿಯನ್ನು ನಂಬಿ ಕಟ್ಟಿದ್ದು. ನೆಲದ ಹಲಗೆಯ ಕೆಳಗೆ ಗಾಳಿ ಹರಿಯಬೇಕು. ಬಾಗಿಲುಗಳನ್ನು ಸರಿಸಿದಾಗ ಮುಂದಿನಿಂದ ಹಿಂದಕ್ಕೆ ಬೀಸಬೇಕು. ಜೂನ್ ಮತ್ತು ಜುಲೈ ತಿಂಗಳ ಜಡಿಮಳೆಯ ಕಾಲದಲ್ಲಿ ಗೋಡೆಯ ಮಣ್ಣು ತೇವವನ್ನು ಹೀರಿಕೊಳ್ಳುತ್ತದೆ. ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಬೆಳಗಾದೊಡನೆ ಹೊರಗಿನ ಹಲಗೆಬಾಗಿಲುಗಳನ್ನು ಸರಿಸಿ ತೆರೆಯುವುದು, ಸಂಜೆ ಮುಚ್ಚುವುದು ಆ ಮನೆಗಳಲ್ಲಿ ಗೃಹಿಣಿಯ ಮೊದಲ ಮತ್ತು ಕೊನೆಯ ಕೆಲಸವಾಗಿತ್ತು. ಅದೊಂದು ಬರಿಯ ಅಭ್ಯಾಸವೆಂದು ತೋರಬಹುದು. ಮನೆಗೆ ಅದೇ ಉಸಿರಾಟ.

ಆ ಬಾಗಿಲುಗಳನ್ನು ಸರಿಸುವ ಕೈಗಳು ಒಂದೊಂದಾಗಿ ಇಲ್ಲವಾದವು. 1953ರಲ್ಲಿ ಓಝು ಯಾಸುಜಿರೋ ಅವರು ತೆಗೆದ 'ತೋಕಿಯೋ ಕಥೆ' ಎಂಬ ಚಲನಚಿತ್ರದಲ್ಲಿ ವೃದ್ಧ ದಂಪತಿಗಳು ತಮ್ಮ ಮಕ್ಕಳನ್ನು ನೋಡಲೆಂದು ದೂರದ ರಾಜಧಾನಿಗೆ ಪಯಣ ಹೊರಡುತ್ತಾರೆ. ಅವರು ಹೊರಡುವ ಊರು ಈ ಒನೊಮಿಚಿಯೇ. ಮಕ್ಕಳು ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ, ಅಷ್ಟೆ. ಚಿತ್ರದಲ್ಲಿ ಆ ಕಾಲಕ್ಕೆ ತಾಯಿತಂದೆಯರು ಊರಿನಲ್ಲಿದ್ದರು, ಮಕ್ಕಳು ನಗರದಲ್ಲಿದ್ದರು. ಮುಂದೆ ತಾಯಿತಂದೆಯರೂ ಇಲ್ಲವಾದಾಗ ಮನೆಯ ಗತಿಯೇನು ಎಂಬುದನ್ನು ಚಿತ್ರ ಹೇಳುವುದಿಲ್ಲ. ಗುಡ್ಡದ ಓಣಿಗಳು ಅದನ್ನು ಹೇಳುತ್ತವೆ. ಮೆಟ್ಟಿಲು ಹತ್ತಲಾರದ ಮುದುಕರು ಕೆಳಗಿನ ಬಯಲಿಗೆ ಇಳಿದರು, ಇಲ್ಲವೆ ಮಕ್ಕಳಿದ್ದಲ್ಲಿಗೆ ಹೋದರು, ಇಲ್ಲವೆ ತೀರಿಕೊಂಡರು. ಬಾಗಿಲಿಗೆ ಬೀಗ ಬಿದ್ದಿತು. ಜಪಾನೀ ಭಾಷೆಯಲ್ಲಿ ಇಂತಹ ಬರಿದಾದ ಮನೆಗೆ 'ಅಕಿಯಾ' ಎನ್ನುತ್ತಾರೆ. ಆ ದೇಶದ ಜನಸಂಖ್ಯೆ 2008ರ ಸುಮಾರಿಗೆ ತನ್ನ ತುದಿಯನ್ನು ಮುಟ್ಟಿ ಇಳಿಯತೊಡಗಿತು. 2023ರಲ್ಲಿ ಸರ್ಕಾರ ನಡೆಸಿದ ಗಣತಿಯಲ್ಲಿ ದೇಶದೊಳಗಿನ ಬರಿದಾದ ಮನೆಗಳ ಸಂಖ್ಯೆ ಸುಮಾರು 90 ಲಕ್ಷವೆಂದು ಕಂಡುಬಂದಿತು. ನೂರು ಮನೆಗಳಲ್ಲಿ ಹದಿನಾಲ್ಕಕ್ಕೆ ಸಮೀಪ! ಇವುಗಳಲ್ಲಿ ಬಾಡಿಗೆಗೋ ಮಾರಾಟಕ್ಕೋ ಕಾದಿರುವ ನಗರದ ಮನೆಗಳೂ ಸೇರಿವೆಯೆನ್ನುವುದು ನಿಜ. ಆದರೂ ಆ ಲೆಕ್ಕವನ್ನು ಓದಿದವರು ಒಂದು ಕ್ಷಣ ಸುಮ್ಮನಾಗದಿರುವುದು ಕಷ್ಟ.

ಬೀಗ ಹಾಕಿದ ಮನೆ ಹೇಗಿತ್ತೋ ಹಾಗೆಯೇ ಉಳಿಯುತ್ತದೆಂದು ಮನೆಯವರು ನಂಬುತ್ತಾರೆ. ಅದು ಉಳಿಯುವುದಿಲ್ಲ. ಮೊದಲ ಮಳೆಗಾಲದಲ್ಲಿ ಚಾಪೆಗಳ ಮೇಲೆ ಹಸುರು ಬೂಷ್ಟು ಕಾಣಿಸಿಕೊಳ್ಳುತ್ತದೆ. ಒಂದು ಬಿರುಗಾಳಿಗೆ ಛಾವಣಿಯ ಒಂದು ಹೆಂಚು ಬೆರಳಗಲ ಜಾರುತ್ತದೆ. ಮನೆಯಲ್ಲಿ ಜನವಿದ್ದಿದ್ದರೆ ಆ ದಿನವೇ ತೊಟ್ಟಿಕ್ಕುವ ಸದ್ದು ಕೇಳಿ, ಏಣಿ ಹಾಕಿ, ಹೆಂಚನ್ನು ಮೇಲಕ್ಕೆ ತಳ್ಳುತ್ತಿದ್ದರು. ಅರ್ಧ ಗಳಿಗೆಯ ಕೆಲಸ. ಕೇಳುವವರಿಲ್ಲದೆ ಆ ಹನಿ ವರ್ಷಗಟ್ಟಲೆ ಬೀಳುತ್ತದೆ. ನೀರು ಹೆಂಚಿನ ಕೆಳಗಿನ ಮಣ್ಣನ್ನು ಕರಗಿಸುತ್ತದೆ, ಹಲಗೆಯನ್ನು ನೆನೆಸುತ್ತದೆ, ತೊಲೆಯ ಕಚ್ಚಿಗೆ ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು ಕೆಳಗಿನಿಂದ ಏರುತ್ತದೆ. ಗೋಡೆಯ ಮಣ್ಣು ಸಡಿಲವಾಗಿ ಕಳಚಿ ಬಿದಿರಿನ ಪಕ್ಕೆಲುಬುಗಳು ಹೊರಗೆ ಕಾಣುತ್ತವೆ. ನೆಲ ಕುಸಿದ ಕಡೆ ಬಿದಿರಿನ ಮೊಳಕೆ ಚಾಪೆಯನ್ನು ಎತ್ತಿ ಮೇಲೆ ಬರುವುದೂ ಉಂಟು. ಕೊನೆಗೆ ಒಂದು ಮಳೆಗಾಲದ ರಾತ್ರಿ ಛಾವಣಿ ನಡುಮುರಿದು ಕುಳಿತುಬಿಡುತ್ತದೆ.

ಮರವೆಂಬುದೇ ಬಾಳದ ವಸ್ತು ಎಂದು ಯಾರಾದರೂ ಹೇಳುವುದಾದರೆ ಅದೇ ಊರಿನ ಪೂರ್ವದ ತುದಿಗೆ ಹೋಗಿ ನೋಡಬೇಕು. ಜೋದೋಜಿ ಎಂಬ ದೇವಾಲಯದ ಮುಖ್ಯ ಮಂದಿರ ಅಲ್ಲಿದೆ. ಅದೂ ಮರದ್ದೇ. ಅದನ್ನು ಕಟ್ಟಿದ್ದು 1327ರಲ್ಲಿ. ಸುಮಾರು ಏಳುನೂರು ವರ್ಷಗಳ ಮಳೆ, ಬಿಸಿಲು, ಬಿರುಗಾಳಿಗಳನ್ನು ಕಂಡ ಮೇಲೂ ಅದು ನಿಂತಿದೆ. ಈಗ ಅದು ಜಪಾನಿನ ರಾಷ್ಟ್ರೀಯ ನಿಧಿಗಳಲ್ಲೊಂದು. ಅದರ ಬಾಗಿಲನ್ನು ದಿನವೂ ತೆರೆಯುವವರಿದ್ದಾರೆ, ಜಾರಿದ ಹೆಂಚನ್ನು ಕಾಣುವ ಕಣ್ಣುಗಳಿವೆ. ಕೂಗಳತೆಯಲ್ಲಿರುವ ಮನೆ, ವಯಸ್ಸು ತೊಂಬತ್ತೋ ನೂರೋ, ಇಪ್ಪತ್ತು ವರ್ಷದ ಬೀಗಕ್ಕೆ ಸೋತು ಬೀಳುತ್ತದೆ.

ಬಿದ್ದ ಮನೆಯ ಜಾಗದಲ್ಲಿ ಹೊಸತನ್ನು ಕಟ್ಟಬಹುದಲ್ಲ ಎಂದು ಓದುಗರಿಗೆ ತೋರಬಹುದು. ಒನೊಮಿಚಿಯ ಗುಡ್ಡದಲ್ಲಿ ಬಹುಪಾಲು ಜಾಗಗಳಲ್ಲಿ ಅದು ಸಾಧ್ಯವಿಲ್ಲ. 1950ರಲ್ಲಿ ಜಾರಿಗೆ ಬಂದ ಕಟ್ಟಡಗಳ ಕಾನೂನಿನ ಪ್ರಕಾರ, ಮನೆ ಕಟ್ಟುವ ನಿವೇಶನವು ಸಾಮಾನ್ಯವಾಗಿ 4 ಮೀಟರು ಅಗಲದ ರಸ್ತೆಗೆ ಕನಿಷ್ಠ 2 ಮೀಟರಿನಷ್ಟು ತಗುಲಿಕೊಂಡಿರಬೇಕು. ಬೆಂಕಿ ಆರಿಸುವ ಗಾಡಿ ಬರಲಿ, ಜನ ಓಡಿ ಪಾರಾಗಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ಕಾನೂನು ಅದು, ಅದನ್ನು ದೂರುವಂತಿಲ್ಲ. ಆದರೆ ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದ ಮೆಟ್ಟಿಲೋಣಿಯಲ್ಲಿ 4 ಮೀಟರಿನ ರಸ್ತೆ ಎಲ್ಲಿಂದ ಬರಬೇಕು? ಆದುದರಿಂದ ಇದ್ದ ಮನೆಯನ್ನು ದುರಸ್ತಿ ಮಾಡಿಕೊಂಡು ವಾಸಿಸಬಹುದು. ಕೆಡವಿದರೆ ಆ ನೆಲದ ಮೇಲೆ ಇನ್ನೊಂದು ಮನೆ ಏಳುವುದಿಲ್ಲ. ಕೆಡವುವುದಾದರೂ ಸುಲಭವೇ? ಯಂತ್ರ ಬರಲಾರದ ಕಡೆ ಹೆಂಚು, ಮಣ್ಣು, ತೊಲೆ ಎಲ್ಲವನ್ನೂ ಕೈಯಲ್ಲಿ, ಬೆನ್ನ ಮೇಲೆ ಇಳಿಸಬೇಕು. ಖರ್ಚು ನೆಲದ ಬೆಲೆಯನ್ನು ಮೀರುವುದುಂಟು. ಸಾಲದೆಂಬಂತೆ ತೆರಿಗೆಯ ಒಂದು ತೊಡಕೂ ಇದೆ. ಮನೆಯಿರುವ ನಿವೇಶನದಲ್ಲಿ 200 ಚದರ ಮೀಟರಿನವರೆಗೆ ನೆಲದ ಬೆಲೆಯ ಆರನೆಯ ಒಂದು ಭಾಗಕ್ಕೆ ಮಾತ್ರ ಕಂದಾಯ ಹಾಕುತ್ತಾರೆ. ಮನೆಯನ್ನು ಕೆಡವಿದರೆ ಆ ರಿಯಾಯಿತಿ ಹೋಗುತ್ತದೆ. 2015ರಲ್ಲಿ ಬಂದ ಹೊಸ ಕಾನೂನು, ಅಪಾಯದ ಸ್ಥಿತಿಗೆ ಬಂದ ಮನೆಗಳನ್ನು ಗುರುತಿಸಿ ರಿಯಾಯಿತಿಯನ್ನು ಕಿತ್ತುಕೊಳ್ಳುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತು. 2023ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿದರು. ಬೆದರಿಕೆಯಿಂದ ಮನೆ ಬೀಳದಂತೆ ತಡೆಯಬಹುದೇನೋ, ಅದರೊಳಗೆ ದೀಪ ಹಚ್ಚಿಸಲಾಗುವುದಿಲ್ಲ. ಮನೆ ಉಳಿಯಬೇಕಾದರೆ ಯಾರಾದರೂ ಬಂದು ಅದರಲ್ಲಿ ವಾಸ ಮಾಡಬೇಕು.

ಹಾಗಾದರೆ ಬಾಡಿಗೆಗೆ ಕೊಟ್ಟರಾಯಿತಲ್ಲ? ಹೊರಗಿನವರಿಗೆ ಸರಳವಾಗಿ ತೋರುವ ಈ ಮಾತಿಗೆ ಮನೆಯ ಒಡೆಯರು ಬೇಗನೆ ಒಪ್ಪುವುದಿಲ್ಲ. ಅವರನ್ನು ಜಿಪುಣರೆಂದೋ ಮೊಂಡರೆಂದೋ ತಿಳಿಯಬಾರದು. ಮನೆ ಬರಿದಾಗಿದೆಯೆಂಬುದು ಮಾತಿಗೆ ಮಾತ್ರ. ಒಳಗೆ ಹೋಗಿ ನೋಡಿದರೆ ಅಜ್ಜಿಯ ಕಿಮೋನೋಗಳು ಪೆಟ್ಟಿಗೆಯಲ್ಲಿ ಮಡಿಸಿದಂತೆಯೇ ಇವೆ. ಅತಿಥಿಗಳಿಗೆಂದು ಹೊಲಿಸಿದ ಹತ್ತಾರು ಹಾಸಿಗೆಗಳು ಗೋಡೆಬೀರುವಿನಲ್ಲಿ ತುಂಬಿವೆ. ಮದುವೆಗೆ ಬಂದ ಪಿಂಗಾಣಿ ಬಟ್ಟಲುಗಳು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಅಟ್ಟದಲ್ಲಿವೆ. ಮಕ್ಕಳ ಶಾಲೆಯ ಚೀಲ, ತೀರಿಹೋದವರ ಕನ್ನಡಕ ಇವೆ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಕೋಣೆಯಲ್ಲಿ ಬುತ್ಸುದಾನ್ ಇದೆ. ಅದು ಹಿರಿಯರ ಹೆಸರು ಬರೆದ ಫಲಕಗಳನ್ನಿಟ್ಟು ಪೂಜಿಸುವ ಮಂದಾಸನ. ಅದನ್ನು ಸಾಮಾನಿನಂತೆ ಹೊತ್ತು ಹೊರಗಿಡುವಂತಿಲ್ಲ. ಬೌದ್ಧ ಪುರೋಹಿತರನ್ನು ಕರೆಸಿ, ಅದರಲ್ಲಿ ನೆಲಸಿದ ಚೈತನ್ಯವನ್ನು ವಿಸರ್ಜಿಸುವ ಕರ್ಮವನ್ನು ಮಾಡಿಸಿದ ಮೇಲೆಯೇ ಕದಲಿಸುವುದು ವಾಡಿಕೆ. ಅದಕ್ಕೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಕೂಡಿಬರಬೇಕು. ಒಬ್ಬರಿಗೆ ಬಿಡುವಾದಾಗ ಇನ್ನೊಬ್ಬರಿಗಿಲ್ಲ. ಹೀಗೆಯೇ ಹತ್ತು ವರ್ಷ ಕಳೆಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಒಡೆಯರು ಯಾರೆಂಬುದೇ ತಿಳಿಯದು: ಪತ್ರಗಳು ಮುತ್ತಜ್ಜನ ಹೆಸರಿನಲ್ಲಿಯೇ ಉಳಿದು, ಹಕ್ಕುದಾರರು ನಾಡೆಲ್ಲ ಚೆದರಿಹೋಗಿರುತ್ತಾರೆ. ಆಸ್ತಿ ಕೈಗೆ ಬಂದದ್ದು ತಿಳಿದ ಮೂರು ವರ್ಷದೊಳಗೆ ಖಾತೆ ಬದಲಾಯಿಸಿಕೊಳ್ಳಲೇಬೇಕೆಂದು ಕಾನೂನಾದದ್ದು 2024ರ ಏಪ್ರಿಲ್‌ನಿಂದ ಈಚೆಗೆ.

ಇನ್ನೊಂದು ಅಂಜಿಕೆಯೂ ಇತ್ತು. ಜಪಾನಿನಲ್ಲಿ ಒಮ್ಮೆ ಬಾಡಿಗೆಗೆ ಕೊಟ್ಟ ಮನೆಯನ್ನು ತಕ್ಕ ಕಾರಣವಿಲ್ಲದೆ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. 1941ರ ಯುದ್ಧಕಾಲದಲ್ಲಿ ಬಾಡಿಗೆದಾರರು ಬೀದಿಗೆ ಬೀಳದಿರಲೆಂದು ಸೇರಿಸಿದ ರಕ್ಷಣೆ ಅದು. ಕೊಟ್ಟರೆ ಮನೆ ಹೋದಂತೆಯೇ ಎಂದು ಒಡೆಯರು ಹೆದರುತ್ತಿದ್ದರು. 2000ದ ಮಾರ್ಚಿಯಿಂದ, ಇಷ್ಟೇ ವರ್ಷವೆಂದು ಅವಧಿ ಗೊತ್ತುಮಾಡಿ, ಅವಧಿ ಮುಗಿದೊಡನೆ ಕರಾರೂ ಮುಗಿಯುವಂತೆ ಬಾಡಿಗೆಗೆ ಕೊಡುವ ಕ್ರಮವನ್ನು ಕಾನೂನು ಒಪ್ಪಿತು. ಹಳೆಯ ಮನೆಗಳ ಎಷ್ಟೋ ಬೀಗಗಳು ಸಡಿಲವಾಗಲು ಈ ಸಣ್ಣ ಬದಲಾವಣೆ ದಾರಿಮಾಡಿತೆನ್ನಬಹುದು.

ಗುಡ್ಡದ ಮೇಲೆ ಮನೆ ಬಾಡಿಗೆಗೆ ಹಿಡಿಯುವುದು ಈಚಿನ ಗೀಳೇನೂ ಅಲ್ಲ. 1912ರಲ್ಲಿ ಶಿಗಾ ನವೋಯ ಎಂಬ ಲೇಖಕರು ತೋಕಿಯೋದ ಮನೆಯನ್ನು ಬಿಟ್ಟುಬಂದು ಇಲ್ಲಿನ ಒಂದು ಸಾಲುಮನೆಯನ್ನು ಬಾಡಿಗೆಗೆ ಹಿಡಿದರು. ಮೂರು ಸಂಸಾರಗಳಿಗೆಂದು ಕಟ್ಟಿದ ಸಾಲಿನಲ್ಲಿ ತುದಿಯದು. ಆರು ಚಾಪೆಯದೊಂದು, ಮೂರು ಚಾಪೆಯದೊಂದು, ಎರಡೇ ಕೋಣೆ. ಮುಂದೆ ಬಹುಕಾಲದ ನಂತರ ಪೂರ್ಣಗೊಂಡ ಅವರ ದೊಡ್ಡ ಕಾದಂಬರಿಯ ಬೀಜ ಬಿದ್ದದ್ದು ಆ ಎರಡು ಕೋಣೆಗಳಲ್ಲಿ. ಸಿರಿವಂತ ತಂದೆಯೊಡನೆ ಮನಸ್ತಾಪ ಮಾಡಿಕೊಂಡು ಬಂದವರಿಗೆ ಬಡವರ ಸಾಲುಮನೆ ಕೊಟ್ಟ ನೆಮ್ಮದಿ ಎಂತಹುದೆಂಬುದನ್ನು ಊಹಿಸಬಹುದು. ಆ ಸಾಲುಮನೆಯನ್ನು ಊರವರು ಇಂದಿಗೂ ಕಾಪಾಡಿಕೊಂಡಿದ್ದಾರೆ.

ಈಗ ಬರುವವರು ಮೊದಲು ಕೇಳುವುದು 'ಅಕಿಯಾ ಬ್ಯಾಂಕ್' ಎಂಬುದನ್ನು. ಇದು ಹಣದ ಬ್ಯಾಂಕಲ್ಲ. ಬರಿದಾದ ಮನೆಗಳ ಪಟ್ಟಿ. ಕೊಡಲು ಒಪ್ಪಿದ ಒಡೆಯರು ಮನೆಯ ವಿವರವನ್ನು ಅದರಲ್ಲಿ ಬರೆಯಿಸುತ್ತಾರೆ, ಬೇಕಾದವರು ಹೆಸರು ಕೊಡುತ್ತಾರೆ. ಜಪಾನಿನ ಅನೇಕ ಪುರಸಭೆಗಳು ಇಂತಹ ಪಟ್ಟಿಯನ್ನಿಟ್ಟಿವೆ. ಒನೊಮಿಚಿಯಲ್ಲಿ ಅದಕ್ಕೆ ಜೀವ ಬಂದದ್ದು ಊರಿನ ಒಬ್ಬ ಮಹಿಳೆಯಿಂದ. 1933ರಲ್ಲಿ ಕಟ್ಟಿದ, ಬೀಳುವುದರಲ್ಲಿದ್ದ ಒಂದು ವಿಚಿತ್ರ ಸೊಬಗಿನ ಮನೆಯನ್ನು ಅವರು 2007ರಲ್ಲಿ ಕೊಂಡು ಉಳಿಸಿದರು. ಅವರ ಸುತ್ತ ಕೂಡಿದವರು ಮರುವರ್ಷ 'ಒನೊಮಿಚಿ ಅಕಿಯಾ ಸೈಸೆಯಿ ಪ್ರಾಜೆಕ್ಟ್' ಎಂಬ ಸೇವಾಸಂಸ್ಥೆಯಾದರು. ಬರಿದಾದ ಮನೆಗಳಿಗೆ ಮರುಹುಟ್ಟು ಕೊಡುವುದು ಎಂದು ಆ ಹೆಸರಿನ ಅರ್ಥ. 2009ರಿಂದ ಗುಡ್ಡದ ಸೀಮೆಯ ಪಟ್ಟಿಯ ಹೊಣೆಯನ್ನು ಪುರಸಭೆಯೇ ಅವರಿಗೆ ಒಪ್ಪಿಸಿತು.

ಮನೆ ನೋಡಲು ಹೋಗುವವನು ಕಡಲಿನ ನೋಟಕ್ಕೆ ಮರುಳಾಗಬಾರದು. ಕಿಟಕಿ ತೆರೆದೊಡನೆ ಹೆಂಚುಗಳ ಆಚೆ ಕಡಲು, ಹಡಗುಕಟ್ಟೆಯ ಎತ್ತುಯಂತ್ರಗಳು, ದೂರದ ದ್ವೀಪಗಳು ಕಾಣುತ್ತವೆ. ಹತ್ತರಲ್ಲಿ ಎಂಟು ಮಂದಿ ಆ ಕ್ಷಣವೇ ಮನೆಯನ್ನು ಒಪ್ಪಿಬಿಡುತ್ತಾರೆ. ಬಲ್ಲವರು ಮೊದಲು ಅಟ್ಟವನ್ನು ಹತ್ತಿ ತೊಲೆಗಳ ಮೇಲೆ ನೀರಿನ ಕಲೆ ಹುಡುಕುತ್ತಾರೆ. ನೆಲದ ಹಲಗೆಯನ್ನೆತ್ತಿ ಕಂಬದ ಬುಡವನ್ನು ಚೂಪಾದ ಕಡ್ಡಿಯಿಂದ ಚುಚ್ಚಿ ನೋಡುತ್ತಾರೆ. ಟೊಳ್ಳಾಗಿದ್ದರೆ ಗೆದ್ದಲು ಮುಗಿಸಿದೆಯೆಂದು ಅರ್ಥ. ಒಂದು ಗೋಲಿಯನ್ನು ನೆಲದ ಮೇಲೆ ಬಿಟ್ಟರೆ ಅದು ಉರುಳುವ ದಿಕ್ಕು ಮನೆ ವಾಲಿರುವ ದಿಕ್ಕನ್ನು ಹೇಳುತ್ತದೆ. ಭೂಕಂಪಕ್ಕೆ ತಡೆಯುವಂತೆ ಕಟ್ಟುವ ನಿಯಮಗಳನ್ನು ಬಿಗಿಮಾಡಿದ್ದು 1981ರಲ್ಲಿ. ಈ ಮನೆಗಳೆಲ್ಲ ಅದಕ್ಕಿಂತ ಹಿಂದಿನವು ಎಂಬುದನ್ನೂ ಮರೆಯುವಂತಿಲ್ಲ. ಬಹಳಷ್ಟು ಮನೆಗಳಲ್ಲಿ ಕೊಳಚೆಯ ಕೊಳವೆ ಇನ್ನೂ ಬಂದಿಲ್ಲ. ಗುಂಡಿಯ ಪಾಯಿಖಾನೆಯೇ ಗತಿ.

ಬಾಡಿಗೆ ಕಡಿಮೆಯೇ. ವರ್ಷದ ಕಂದಾಯ ಕಟ್ಟಿಕೊಂಡರೆ ಸಾಕೆನ್ನುವ ಒಡೆಯರೂ ಉಂಟು. ಜಪಾನಿನ ನಗರಗಳಲ್ಲಿ ಬಾಡಿಗೆಗೆ ಮನೆ ಹಿಡಿಯುವವನು ಮುಂಗಡದ ಜೊತೆಗೆ, ಒಡೆಯರಿಗೆ ಕೃತಜ್ಞತೆಯೆಂದು ಮತ್ತೆ ಹಿಂದಿರುಗಿ ಬಾರದ ಒಂದು ಮೊತ್ತವನ್ನೂ ಕೊಡುವ ಪದ್ಧತಿಯಿದೆ. ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಕು. ಇಲ್ಲಿಯ ಕರಾರು ಬೇರೆ ತರಹ. ಮನೆ ಇದ್ದ ಸ್ಥಿತಿಯಲ್ಲಿಯೇ ನಿನ್ನದು. ದುರಸ್ತಿಯ ಖರ್ಚೂ ದುಡಿಮೆಯೂ ನಿನ್ನವೇ. ಬಿಟ್ಟುಹೋಗುವಾಗ ಮೊದಲಿನಂತೆ ಮಾಡಿಕೊಡಬೇಕಾದುದಿಲ್ಲ. 2014ರಲ್ಲಿ ಜಪಾನಿನ ಸರ್ಕಾರವೇ ಇಂತಹ ಕರಾರಿಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಕಾಗದದ ಮೇಲೆ ಇದು ಲಾಭದ ವ್ಯಾಪಾರವೆನ್ನಿಸುತ್ತದೆ. ಕೀಲಿಕೈ ಕೈಗೆ ಬಂದ ಮರುದಿನದಿಂದ ಅದರ ನಿಜವಾದ ತೂಕ ತಿಳಿಯುತ್ತದೆ.

ಮೊದಲ ಕೆಲಸ ಖಾಲಿ ಮಾಡುವುದು. ಒಂದು ಮನೆಯ ಅರವತ್ತು ವರ್ಷಗಳ ಸಾಮಾನು ಮೆಟ್ಟಿಲಿಳಿಯಬೇಕು. ಸಂಸ್ಥೆಯವರು ಆ ಮನೆಯಂಗಳದಲ್ಲಿಯೇ ಸಂತೆಯೊಂದನ್ನು ಹೂಡುತ್ತಾರೆ. ಬೇಕಾದವರು ಬಟ್ಟಲು, ಪೆಟ್ಟಿಗೆ, ಗಡಿಯಾರಗಳನ್ನು ಅಲ್ಪ ಬೆಲೆಗೆ ಕೊಂಡು ಹೊತ್ತೊಯ್ಯುತ್ತಾರೆ. ಇಳಿಸುವ ಹೊರೆಯೂ ಕಡಿಮೆಯಾಗುತ್ತದೆ, ಅಜ್ಜಿಯ ಬಟ್ಟಲು ಕಸವಾಗದೆ ಇನ್ನೊಂದು ಅಡಿಗೆಮನೆಗೆ ಸೇರುತ್ತದೆ. ಉಳಿದ ಮುರುಕು, ಒಡೆದ ಹೆಂಚು, ಮಣ್ಣು ಇವುಗಳನ್ನು ಗೋಣಿಗಳಲ್ಲಿ ತುಂಬಿ ಸಾಲುಗಟ್ಟಿ ನಿಂತವರು ಕೈಯಿಂದ ಕೈಗೆ ದಾಟಿಸುತ್ತಾರೆ. ಕೆಳಗಿನ ರಸ್ತೆಯವರೆಗೆ ಮೆಟ್ಟಿಲಿಗೊಬ್ಬರಂತೆ ವಿದ್ಯಾರ್ಥಿಗಳು, ಗೃಹಿಣಿಯರು, ಮುದುಕರು ನಿಲ್ಲುತ್ತಾರೆ. ಹೊಸ ಹಲಗೆ, ಸುಣ್ಣ, ಹೆಂಚು ಮೇಲೇರುವುದೂ ಹೀಗೆಯೇ. ಉದುರಿದ ಗೋಡೆಯ ಮಣ್ಣನ್ನು ಮಾತ್ರ ಎಸೆಯುವುದಿಲ್ಲ. ಅದಕ್ಕೆ ನೀರೂ ಹೊಸ ಹುಲ್ಲೂ ಬೆರೆಸಿ, ತುಳಿದು, ಹದಕ್ಕೆ ಬರುವವರೆಗೆ ಬಿಟ್ಟು, ಮತ್ತೆ ಅದೇ ಗೋಡೆಗೆ ಮೆತ್ತುತ್ತಾರೆ. ಮಣ್ಣಿನ ಗೋಡೆಗಿರುವ ಈ ಸೌಲಭ್ಯ ಸಿಮೆಂಟಿಗಿಲ್ಲ. ಕಚ್ಚು ಕೂಡಿಸಬಲ್ಲ ಬಡಗಿಗಳು ಮುದುಕರಾಗುತ್ತಿದ್ದಾರೆ. ಅವರಿರುವಾಗಲೇ ತರುಣರು ಬಂದು ಪಕ್ಕದಲ್ಲಿ ನಿಂತು ಕಲಿಯಬೇಕು.

ಇಷ್ಟಾದ ಮೇಲೂ ಬಾಳು ಸುಲಭವಲ್ಲ. ಚಳಿಗಾಲದಲ್ಲಿ ಮರದ ಮನೆಯ ಪ್ರತಿಯೊಂದು ಸಂದೂ ಗಾಳಿಯ ದಾರಿ; ಒಳಗಿನ ಉಸಿರು ಹೊಗೆಯಂತೆ ಕಾಣುತ್ತದೆ. ಬೇಸಿಗೆಯಲ್ಲಿ ಗೇಣುದ್ದದ ಶತಪದಿಗಳು ಹಾಸಿಗೆಗೆ ಬರುತ್ತವೆ. ಅಕ್ಕಿಯ ಚೀಲವನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ತಾನೇ ಹೊತ್ತು ಮೆಟ್ಟಿಲೇರಬೇಕು. ಬರಿಯ ಚಿತ್ರಗಳನ್ನು ನೋಡಿ ಬಂದವರು ಒಂದು ಚಳಿಗಾಲ ಕಳೆದು ಹಿಂದಿರುಗುವುದುಂಟು. ಅವರನ್ನು ಹಳಿಯಬೇಕಾದುದಿಲ್ಲ, ಮನೆಗೆ ಒಂದು ವರ್ಷದ ಗಾಳಿಯನ್ನಾದರೂ ಕೊಟ್ಟು ಹೋದರಲ್ಲ.

ಉಳಿದವರಿಗೆ ನೆರೆಹೊರೆ ಉಂಟು. ಜಪಾನಿನ ಹಳೆಯ ವಾಡಿಕೆಯಂತೆ ಹೊಸದಾಗಿ ಬಂದವನು ಎದುರಿನ ಮೂರು ಮನೆಗಳಿಗೂ ಎಡಬಲದ ಎರಡು ಮನೆಗಳಿಗೂ ಕೈವಸ್ತ್ರವನ್ನೋ ತಿಂಡಿಯ ಪೊಟ್ಟಣವನ್ನೋ ಹಿಡಿದು ಹೋಗಿ ತಲೆಬಾಗಿ ಪರಿಚಯ ಹೇಳಿಕೊಳ್ಳಬೇಕು. ಬಳಿಕ ಓಣಿಯ ಸಂಘದ ಸುತ್ತೋಲೆ, ಹಲಗೆಗೆ ಸಿಕ್ಕಿಸಿದ್ದು, ಮನೆಯಿಂದ ಮನೆಗೆ ಬರುತ್ತದೆ. ಓದಿ, ಗುರುತು ಹಾಕಿ, ಮುಂದಿನ ಮನೆಗೆ ಕೊಡಬೇಕು. ಮೆಟ್ಟಿಲು ಗುಡಿಸುವ ದಿನ, ಚರಂಡಿ ತೋಡುವ ದಿನ ತಪ್ಪಿಸುವಂತಿಲ್ಲ. ಎಂಬತ್ತು ದಾಟಿದವರೇ ಹೆಚ್ಚಾಗಿರುವ ಓಣಿಯಲ್ಲಿ ಒಬ್ಬ ಮೂವತ್ತರವನು ಬಂದನೆಂದರೆ ಅವನಿಗೆ ಬರುವ ಕೆಲಸಗಳನ್ನು ಹೇಳಬೇಕಾದುದೇನು! ಪ್ರತಿಯಾಗಿ ಬಾಗಿಲಲ್ಲಿ ಮೂಲಂಗಿ ಇರುತ್ತದೆ, ಕಿತ್ತಳೆ ಇರುತ್ತದೆ, ಒಮ್ಮೊಮ್ಮೆ ಮೀನೂ ಇರುತ್ತದೆ. ಯಾರಿಟ್ಟರೆಂದು ವಿಚಾರಿಸಿ ತಿಳಿಯಬೇಕು.

ಆ ನೆರೆಯ ಬೆಲೆ 2018ರ ಜುಲೈ ತಿಂಗಳಲ್ಲಿ ಗೊತ್ತಾಯಿತು. ಜಪಾನಿನ ಪಶ್ಚಿಮ ಭಾಗದಲ್ಲೆಲ್ಲ ಕಂಡರಿಯದ ಮಳೆ ಸುರಿಯಿತು. ಗುಡ್ಡಗಳು ಜರಿದವು, ಒನೊಮಿಚಿಯ ನಲ್ಲಿಗಳಲ್ಲಿ ದಿನಗಟ್ಟಲೆ ನೀರು ಬರಲಿಲ್ಲ. ಆಗ ಜನರ ನೆರವಿಗೆ ಬಂದವು ಹಳೆಯ ಬಾವಿಗಳು. ನಲ್ಲಿ ಬಂದ ಮೇಲೂ ಮುಚ್ಚದೆ ಉಳಿಸಿಕೊಂಡಿದ್ದ ಬಾವಿಗಳ ಬಳಿ ಜನ ಕೊಡ ಹಿಡಿದು ನಿಂತರು.

ಆಗಸ್ಟ್ ತಿಂಗಳ ನಡುವೆ ಓಬೋನ್ ಹಬ್ಬ ಬರುತ್ತದೆ. ಹಿರಿಯರ ಆತ್ಮಗಳು ಆ ಮೂರು ನಾಲ್ಕು ದಿನ ತಮ್ಮ ಮನೆಗೆ ಬಂದು ಹೋಗುತ್ತವೆಂದು ಜಪಾನೀಯರ ನಂಬಿಕೆ. ನಗರಗಳಿಗೆ ಹೋದ ಮಕ್ಕಳು ಹಿಂದಿರುಗುತ್ತಾರೆ. ರೈಲುಗಳು ತುಂಬಿ ತುಳುಕುತ್ತವೆ. ಮನೆಯನ್ನು ಬಾಡಿಗೆಗೆ ಕೊಟ್ಟವರೂ ಬರುತ್ತಾರೆ, ಏಕೆಂದರೆ ಮನೆ ಕೈಬಿಟ್ಟರೂ ಗೋರಿಗಳು ಗುಡ್ಡದ ದೇವಾಲಯಗಳಲ್ಲಿಯೇ ಇವೆ. ಮೆಟ್ಟಿಲೇರಿ ಬಂದು ಗೋರಿಯ ಕಲ್ಲನ್ನು ತೊಳೆದು, ಹೂವಿಟ್ಟು, ಊದುಬತ್ತಿ ಹಚ್ಚಿ, ಇಳಿಯುವಾಗ ತಮ್ಮ ಹಳೆಯ ಮನೆಯ ಮುಂದೆ ನಿಲ್ಲುತ್ತಾರೆ. ಹಲಗೆಬಾಗಿಲುಗಳು ತೆರೆದಿವೆ. ಶೋಜಿಗೆ ಹೊಸ ಕಾಗದ ಬಂದಿದೆ. ಒಳಗಿನಿಂದ ಅನ್ನದ ಆವಿ ಬರುತ್ತಿದೆ. ಬಾಡಿಗೆದಾರನು ಹೊರಗೆ ಬಂದು ಬಾಗಿ ನಮಸ್ಕರಿಸಿ ಒಳಗೆ ಕರೆಯುತ್ತಾನೆ. ವಯಸ್ಸಾದ ಒಡತಿಯಾದರೆ ಮೇಲಕ್ಕೆ ಹತ್ತುವುದಿಲ್ಲ. ಅದು ಈಗ ಇನ್ನೊಬ್ಬರ ಮನೆ. ಎಂಗಾವಾದ ಅಂಚಿನಲ್ಲಿ, ಕಾಲುಗಳನ್ನು ಅಂಗಳಕ್ಕೆ ಇಳಿಬಿಟ್ಟು ಕುಳಿತು, ಕೊಟ್ಟ ಚಹವನ್ನು ಎರಡೂ ಕೈಗಳಲ್ಲಿ ಹಿಡಿಯುತ್ತಾಳೆ. ಮೊದಲು ಹವೆಯ ಮಾತು. ಆಮೇಲೆ, ಕೇಳದೆಯೇ, ಒಂದೊಂದಾಗಿ ಹೇಳತೊಡಗುತ್ತಾಳೆ: ಹಿತ್ತಿಲ ಬಾವಿಯ ಮುಚ್ಚಳ ಎಲ್ಲಿದೆ, ನೆಲದ ಯಾವ ಹಲಗೆ ಬಿಚ್ಚುವುದಕ್ಕೆಂದೇ ಇರುವುದು, ಪೂರ್ವದ ಗಾಳಿಯೊಡನೆ ಬರುವ ಮಳೆಗೆ ಅಟ್ಟದ ಯಾವ ಮೂಲೆಯಲ್ಲಿ ಬೋಗುಣಿಯಿಡಬೇಕು, ಅಂಗಳದ ಕಾಕಿ ಹಣ್ಣಿನ ಮರ ವರ್ಷ ಬಿಟ್ಟು ವರ್ಷ ಮಾತ್ರ ತುಂಬ ಬಿಡುವುದೆಂದು, ಅದಕ್ಕೆ ರೋಗ ಬಂದಿದೆಯೆಂದು ಕಡಿಯಬಾರದೆಂದು. ಬಾಡಿಗೆದಾರನು ಒಳಗೆ ಹೋಗಿ ಕಾಗದವನ್ನೂ ಪೆನ್ಸಿಲನ್ನೂ ತಂದು, ಅವಳ ಪಕ್ಕದಲ್ಲಿ ಕುಳಿತು, ಬರೆದುಕೊಳ್ಳುತ್ತಾನೆ.